ಬೆನ್ನಿಗೂ ಕಿವಿ

ಊರಾಚೆಯ ರೆಸಾರ್ಟಿಗೆ ಹೊಸದಾಗಿ ಬಂದ ರೇಸ್ ಕುದುರೆ, ಅತಿಥಿಗಳನ್ನು ಕೂರಿಸಿಕೊಂಡು ತೋಟ ಸುತ್ತುವ ಕೆಲಸ ಕಂಡು ಮೂಗು ಮುರಿಯಿತು. "ಹದಿನಾರು ಕುದುರೆಗಳನ್ನು ಹಿಂದೆ ಹಾಕಿದವನು ನಾನು. ಈ ಪುಕ್ಕಲರನ್ನು ಹೊತ್ತು ತೆವಳಲೇ?"

ಪಕ್ಕದಲ್ಲಿದ್ದ ಬಿಳಿಯ ಮುದಿ ಕುದುರೆ ಹಿಂದೆ ಮದುವೆ ಮೆರವಣಿಗೆಗಳಲ್ಲಿ ದುಡಿದದ್ದು. ಅದು ಹೇಳಿತು: "ನಾನು ಹೊತ್ತ ನೂರಾರು ಮದುಮಗಂದಿರಲ್ಲಿ ಒಬ್ಬನೂ ಅದಕ್ಕೆ ಮುಂಚೆ ಕುದುರೆ ಹತ್ತಿದವನಲ್ಲ. ಒಬ್ಬನನ್ನೂ ನಾನು ಬೀಳಿಸಲಿಲ್ಲ. ಬೆನ್ನಿಗೂ ಕಿವಿಯಿದೆ ತಮ್ಮಾ, ಅದರಿಂದ ಕೇಳು."

ಅಷ್ಟರಲ್ಲಿ ವಿಶಾಲಾಕ್ಷಮ್ಮ ಎಂಬ ಅಜ್ಜಿ ದೇವರನ್ನು ನೆನೆಯುತ್ತ ರೇಸ್ ಕುದುರೆಯನ್ನು ಹತ್ತಿದರು. ಎದುರಿಗೆ ನೇರ ದಾರಿ ಕಂಡದ್ದೇ ಅದರ ಕಾಲು ತುಡಿಯಿತು. ಆದರೆ ಪಕ್ಕೆಗೆ ಒತ್ತಿದ ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಕುದುರೆ ಅದನ್ನು ಕೇಳಿಸಿಕೊಂಡಿತು. ಒಂದೊಂದೇ ಹೆಜ್ಜೆ ಇಟ್ಟಿತು. ಮಾವಿನ ಮರ ದಾಟುವಷ್ಟರಲ್ಲಿ ನಡುಕ ನಿಂತಿತು. ಕೊಳದ ಬಳಿ ಅಜ್ಜಿ ಹಾಡು ಗುನುಗಿದರು.

ಸುತ್ತು ಮುಗಿದಾಗ ಬಿಳಿ ಕುದುರೆ ಕೇಳಿತು: "ಇವತ್ತು ಯಾರನ್ನು ಹಿಂದೆ ಹಾಕಿದೆ?"

"ಯಾರನ್ನೂ ಇಲ್ಲ," ಎಂದಿತು ರೇಸ್ ಕುದುರೆ. "ಆದರೆ ನೋಡು, ಇವರು ಇಳಿಯುತ್ತಲೇ ಇಲ್ಲ. ನಾನು ಗೆದ್ದ ದಿನವೂ ಜಾಕಿ ಮರುಗಳಿಗೆಯೇ ಇಳಿದುಹೋಗುತ್ತಿದ್ದ."