ಶಿವಗಂಗವ್ವನ ಮುಖದ ಕೆಂಪು ಗೆರೆಗಳು

ನಗುವವರು ನಗಲಿ, ಶಿವಗಂಗವ್ವನಿಗಂತೂ ನಗು ಬರಲಿಲ್ಲ. ಇಪ್ಪತ್ತು ವರ್ಷ ಖಾನಾವಳಿಯ ಒಲೆ ಮುಂದೆ ಕೂತು ರೊಟ್ಟಿ ಬಡಿದು ಸೋತ ಜೀವ ಅದು. ಮಗ ಮುದುಕಪ್ಪನಿಗೆ ಹೆಸರಿನಷ್ಟು ವಯಸ್ಸಿಲ್ಲ, ವಯಸ್ಸಿನಷ್ಟು ಬುದ್ಧಿಯಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಮಗಳು ನೀಲಮ್ಮನನ್ನು ನೋಡಲು ಸೋಮವಾರ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರಲ್ಲಿ ಅವ್ವನ ಮೂಗು, ಕೆನ್ನೆಯ ಮೇಲೆಲ್ಲ ಕೆಂಪು ದಾರದಂಥ ಗೆರೆ. ಶಿವಗಂಗವ್ವ ಕುಡೀತಾಳಂತೆ ಅಂತ ಓಣಿಯಲ್ಲಿ ಗುಸುಗುಸು. ಆ ಮಾತು ಅವರ ಕಿವಿಗೆ ಬಿದ್ದರೆ ಸಂಬಂಧ ಮುರಿದ ಹಾಗೇ.

ಮಗನನ್ನು ಕರೆದುಕೊಂಡು ಡಾಕ್ಟ್ರಮ್ಮನ ಹತ್ತಿರ ಹೋದಳು. ಅವರು ಮೊದಲು ಕುಡಿಯೋ ಚಟ ಐತೇನು ಅಂತ ಕೇಳಿದರು, ಅವ್ವ ಇಲ್ಲ ಅಂದಳು. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿವೆ, ಅಪಾಯವಿಲ್ಲ, ಮುಲಾಮಿಗೆ ಅಳಿಯುವುದಿಲ್ಲ, ಬೇಕಾದರೆ ಲೇಸರ್ ಮಾಡಿಸಬಹುದು ಅಂದರು. ಅಲ್ಲಿಯವರೆಗೆ ಅವ್ವನ ಮುಖಕ್ಕೆ ಬೆಂಕಿ, ಬಿಸಿಲು ತಾಗದ ಹಾಗೆ ನೋಡಿಕೋ ಅಂತ ಮಗನಿಗೆ ಹೇಳಿದರು.

ಮರುದಿನ ಅವ್ವ ಒಲೆ ಮುಂದೆ ಕೂತಳು. ಮುದುಕಪ್ಪ ಒಂದು ಕೊಡ ನೀರು ತಂದು ಒಲೆಗೆ ಸುರಿದ. ರೊಟ್ಟಿ ತೇಲಿತು.

“ಒಲಿ ಆರಸೂದಲ್ಲೋ ಯಪ್ಪಾ, ಮಾರಿಗೆ ಏನರ ಅಡ್ಡ ಹಿಡೀಬೇಕು.”

“ಹೂಂನವ್ವ.”

ಸಂತೆಗೆ ಹೊರಟಾಗ ಅವಳ ಮುಖಕ್ಕೆ ಮೊರ ಅಡ್ಡ ಹಿಡಿದು ನಡೆದ. ಬಿಸಿಲು ತಾಗಲಿಲ್ಲ, ದಾರಿಯೂ ಕಾಣಲಿಲ್ಲ. ಅವ್ವ ಗಟಾರಕ್ಕೆ ಬಿದ್ದಳು.

“ಗಟಾರ ಐತಿ ಅಂತ ಬಾಯಿ ಬಿಟ್ಟು ಹೇಳಬಾರದೇನೋ?”

“ಹೂಂನವ್ವ.”

ಅವತ್ತಿನಿಂದ ಬಾಯಿ ಬಿಟ್ಟ. ಹಾಲಿನವನಿಗೆ, ಬಳೆಗಾರನಿಗೆ, ಬಸ್ಸಿಗೆ ಕಾದವರಿಗೆ ಅವ್ವನ ಮೂಗಿನ ವರ್ತಮಾನ ಹೇಳಿದ್ದೇ ಹೇಳಿದ್ದು. ಅವ್ವ ಹಣೆ ಹಿಡಿದು ಕೂತಳು. ಬೈಯಲಿಕ್ಕೂ ತ್ರಾಣ ಇರಲಿಲ್ಲ.

“ಯಾರರ ಕೇಳಿದ್ರಷ್ಟ ಹೇಳು. ಅದೂ ಡಾಕ್ಟ್ರಮ್ಮ ಅಂದಿದ್ದು ಒಂದ ಮಾತು. ಆಮ್ಯಾಲೆ ಬಾಯಿ ಮುಚ್ಕೋ.”

“ಹೂಂನವ್ವ.”

ಸೋಮವಾರ ಗಂಡಿನ ಕಡೆಯವರು ಬಂದರು. ಹುಡುಗಿ ಒಪ್ಪಿಗೆಯಾದಳು, ಉಪ್ಪಿಟ್ಟು ತಿಂದರು. ಹುಡುಗನ ತಾಯಿ ಅವ್ವನ ಮುಖ ನೋಡಿ, ಇದೇನ್ರೀ ಹಿಂಗಾಗೇತಿ, ಡಾಕ್ಟರ್ ಏನಂದ್ರು ಅಂತ ಕೇಳಿದಳು. ಅವ್ವ ಬಾಯಿ ತೆರೆಯುವ ಮೊದಲೇ ಮುದುಕಪ್ಪ ಎದ್ದು ನಿಂತ.

“ಕುಡಿಯೋ ಚಟ ಐತೇನು ಅಂದ್ರು.”

ಬಾಯಿ ಮುಚ್ಚಿಕೊಂಡ. ಇಲ್ಲ ಅಂತ ಅವ್ವ ಕೊಟ್ಟ ಉತ್ತರ ಎರಡನೇ ಮಾತು. ಅದನ್ನು ಹೇಳುವ ಹಾಗಿರಲಿಲ್ಲವಲ್ಲ.

ಅವ್ವ ಆಣೆ ಮಾಡಿದಳು, ಡಾಕ್ಟ್ರಮ್ಮನನ್ನೇ ಕೇಳಿ ಅಂದಳು. ಗಂಡಿನ ಕಡೆಯವರು ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ಟರು. ನೀಲಮ್ಮ ಒಳಗೆ ಅಳುತ್ತಿದ್ದಳು. ಸಿಟ್ಟಿಗೆ, ಅವಮಾನಕ್ಕೆ ಅವ್ವನ ಮುಖ ಕಿವಿಯಿಂದ ಕಿವಿಗೆ ಕೆಂಪಾಯಿತು. ಮುದುಕಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ಹಿಗ್ಗಿದ.

“ಯವ್ವಾ, ಒಂದ ಗೆರಿನೂ ಕಾಣವಲ್ದು. ಅವ್ರನ್ನ ಕರೀಲೇನು?”