ಜಂಬಣ್ಣ ಗುಂಡಿ ಜಿಗಿದದ್ದು

ಕೂತುಕೊಳ್ಳಿ, ಹೇಳ್ತೀನಿ. ನಗು ಬಂದರೆ ನಗಿ. ಯಾರನ್ನು ನೋಡಿ ನಗ್ತೀವಿ ಅನ್ನೋದು ಮಾತ್ರ ನೆನಪಿರಲಿ.

ಗಣಿ ಮುಚ್ಚಿದ ಒಂದೂರು. ಗುಡ್ಡ ಇದ್ದ ಜಾಗದಲ್ಲಿ ಈಗ ಗುಂಡಿ. ಗುಡ್ಡವನ್ನು ಲಾರಿಗೆ ತುಂಬಿ ಮಾರಿಕೊಂಡವನು ಧಣಿ. ಗುಂಡಿಯನ್ನು ಊರಿಗೆ ಬಿಟ್ಟವನೂ ಧಣಿ. ಆ ಊರಲ್ಲಿ ಹುಲಿಗೆಮ್ಮ ಅಂತ ತಾಯಿ, ಜಂಬಣ್ಣ ಅಂತ ಮಗ. ಪೆದ್ದ ಮಗ. "ಹಾಲು ಉಕ್ಕೋದು ನೋಡ್ತಿರು" ಅಂದರೆ ಉಕ್ಕಿ ಒಲೆ ಆರುವತನಕ ನೋಡುತ್ತಿದ್ದವನು.

"ನಿನ್ನ ಹಡೆದ ಹೊಟ್ಟೀಗೆ ಬೆಂಕಿ ಹಾಕ!" ಅಂತ ಹುಲಿಗೆಮ್ಮ ಹಣೆ ಬಡಿದುಕೊಳ್ಳುತ್ತಿದ್ದಳು. ಬಡಿದುಕೊಂಡು ಅವನಿಗೇ ಬಿಸಿ ರೊಟ್ಟಿ ಹಾಕುತ್ತಿದ್ದಳು.

ಧಣಿಗೆ ಈಗ ಹೊಸ ಚಟ. ಗಣಿ ಮಣ್ಣಿನ ದಿಬ್ಬಗಳ ಮೇಲಿಂದ ಬೈಕು ಜಿಗಿಸುವುದು. ಜಿಗಿಯುವವರು ಊರ ಹುಡುಗರು, ಕುರ್ಚಿ ಹಾಕಿಕೊಂಡು ನೋಡುವವನು ಧಣಿ. ಇಬ್ಬರು ಗುಂಡಿಗೆ ಬಿದ್ದು ಹೋಗಿದ್ದರು. ಅವರ ಗಾಡಿ ಮೇಲೆ ಬಂದವು, ಅವರು ಬರಲಿಲ್ಲ. ಮೂರನೆಯವನಾಗಿ ಧಣಿ ಜಂಬಣ್ಣನನ್ನೇ ಆರಿಸಿದ. ಯಾಕೆ? ಅವನು ಪ್ರಶ್ನೆ ಕೇಳುವುದಿಲ್ಲ, ಅದಕ್ಕೆ! "ನಿಮ್ಮ ಗುಡಿಸಲು ನನ್ನ ನೆಲದಾಗ ಐತಿ, ಹುಲಿಗೆಮ್ಮ" ಅಂದ. ಅಷ್ಟೇ ಅಂದ.

ಮೊದಲ ದಿನ ಹುಲಿಗೆಮ್ಮ ಹೇಳಿ ಕಳಿಸಿದಳು: "ಮಗಾ, ಧಣಿ ಕಂಡ್ರ ಗಾಡಿ ನಿಲ್ಸು. ಇಳಿದು ಕೈ ಮುಗಿ."

ಜಂಬಣ್ಣ ದಿಬ್ಬ ಏರಿದ. ಭರ್ರ್ ಅಂತ ಏರಿದ. ತುದಿಗೆ ಬಂದರೆ ದೂರದಲ್ಲಿ ಧಣಿ! ಬ್ರೇಕ್ ಒತ್ತಿದ, ಇಳಿದ, ಕೈ ಮುಗಿದ. ಗಾಡಿ ಉರುಳುರುಳಿ, ಹುಡುಗರಿಗೆ ಜಿಗಿತ ಕಲಿಸುವ ಉಸ್ತಾದ ಪರಸಪ್ಪನ ಕಾಲ ಬುಡಕ್ಕೆ ಬಂತು.

"ಲೇ ಪೆದ್ದಾ! ದಿಬ್ಬದ ತುದೀಗೆ ನಿಲ್ತಾರೇನಲೇ? ಮಣ್ಣಿನ ದಿಬ್ಬ ಕಂಡ ಕೂಡ್ಲೇ ಎರಡನೇ ಗೇರು! ಎಕ್ಸಲೇಟರ್ ಪೂರಾ ತಿರುವು! ಹಾರು!"

"ಹೂಂ ಉಸ್ತಾದ."

ಮರುದಿನ ನೆಂಟರೊಬ್ಬರ ಮಣ್ಣಿಗೆ ಮೂರನೇ ದಿನ. ಸಮಾಧಿಗೆ ಹಾಲು ತುಪ್ಪ ಬಿಡುವ ದಿನ. ಮರೆತ ತಂಬಿಗೆ ತರಲು ತಾಯಿ ಮಗನನ್ನು ಮನೆಗೆ ಕಳಿಸಿದ್ದಳು. ಗಾಡಿಗೆ ತಂಬಿಗೆ ಕಟ್ಟಿಕೊಂಡು ಬಂದ ಜಂಬಣ್ಣನಿಗೆ ಕಂಡದ್ದು ಹಸಿ ಮಣ್ಣಿನ ದಿಬ್ಬ. ಎರಡನೇ ಗೇರು! ಎಕ್ಸಲೇಟರ್ ಪೂರಾ! ಸತ್ತವನ ಮೇಲಿಂದ, ಅತ್ತವರ ಮೇಲಿಂದ ಹಾರಿದ.

ಹಾರಿದವನು ಇಳಿಯಲು ತಡ ಮಾಡಿದ. ಹುಲಿಗೆಮ್ಮ ಒಬ್ಬಳೇ ನೋಡಿದಳು. ಮಣ್ಣಿನ ಮೇಲೆ ಗಾಡಿಯ ನೆರಳು ಬಿದ್ದಿತ್ತು. ಬಿದ್ದ ಜಾಗದಲ್ಲೇ ಇತ್ತು. ಒಂದು ತಂಬಿಗೆ ಹಾಲು ಬಸಿದು ಮುಗಿಯುವಷ್ಟು ಹೊತ್ತು ಇತ್ತು.

ಆಮೇಲೆ ಧೊಪ್ಪೆಂದು ಬಿದ್ದ. ಅವಳು ಕಿವಿ ಹಿಂಡಿದಳು.

"ಸತ್ತೋರ ಮುಂದ ಸದ್ದು ಮಾಡ್ತಾರೇನೋ! ಸತ್ತೋರ ಕಲ್ಲು ಕಂಡ್ರ ಎಂಜಿನ್ ಆರಿಸು, ತಲೆ ತಗ್ಗಿಸು, ತೆಪ್ಪಗೆ ದಾಟು!"

"ಹೂಂ ಯವ್ವಾ."

ಮರುದಿನ ಮತ್ತೆ ದಿಬ್ಬ. ದಿಬ್ಬದ ತುದಿಯ ಪಕ್ಕದಲ್ಲಿ ಮೊದಲು ಹೋದ ಹುಡುಗರಿಗೆ ಅವರ ತಾಯಂದಿರು ಎರಡು ಕಲ್ಲು ನೆಟ್ಟಿದ್ದರು. ಜಂಬಣ್ಣ ಕಲ್ಲು ಕಂಡ, ಎಂಜಿನ್ ಆರಿಸಿದ, ತಲೆ ತಗ್ಗಿಸಿದ. ಗಾಡಿ ಸದ್ದಿಲ್ಲದೆ ಎದ್ದಿತು. ಸದ್ದಿಲ್ಲದೆ ದಾಟಿತು. ಮಟಮಟ ಮಧ್ಯಾಹ್ನ, ಗಾಳಿ ಇಲ್ಲ, ಹಕ್ಕಿ ಇಲ್ಲ, ಚಕ್ರ ತಿರುಗುವುದೊಂದೇ ಕೇಳುತ್ತಿತ್ತು. ಉಸ್ತಾದ ಹತ್ತು ಎಣಿಸಿದ. ಹತ್ತಾದ ಮೇಲೆ ಗಾಡಿ ಮುಂದಿನ ಚಕ್ರ ಊರಿ ಬಿತ್ತು.

ಪರಸಪ್ಪ ಎಣಿಸಿದ ಬೆರಳನ್ನು ಮತ್ತೊಮ್ಮೆ ನೋಡಿಕೊಂಡ. ಆದರೂ ಬೈದ.

"ನೆಲ ಬಿಟ್ಟ ಮ್ಯಾಲ ಎಂಜಿನ್ ಆರಿಸಬ್ಯಾಡ್ಲೇ, ಮುಂದಿನ ಚಕ್ರ ಮುಗ್ಗರಿಸ್ತದ! ಎಂಜಿನ್ ಓಡ್ತಿರಬೇಕು. ಅದು ಕಿರುಚಿತಾ? ಎಡಗೈಲಿ ಕ್ಲಚ್ ಹಿಡಿ, ಎಡಗಾಲ ಬೆರಳಿಂದ ಮೇಲಕ್ಕೆತ್ತು, ಮೇಲಿನ ಗೇರು! ಸುಮ್ಮನಾಗ್ತದ. ನಾಳೆ ಧಣಿ ಹುಟ್ಟುಹಬ್ಬ. ನಾಳೆ ದಿಬ್ಬ ಅಲ್ಲಲೇ, ಗುಂಡೀನ ಜಿಗೀಬೇಕು!"

ಜಂಬಣ್ಣ ಮನೆಗೆ ಬಂದು ತಾಯಿಗೆ ಹೇಳಿದ. "ನಾಳೆ ಗುಂಡಿ ಜಿಗೀತೀನಿ."

ಹುಲಿಗೆಮ್ಮ ಕಿರುಚಿದಳು.

ಕಿರುಚಿತಾ? ಜಂಬಣ್ಣ ಎಡಗೈಲಿ ಅವಳ ಕೈ ಹಿಡಿದ, ಎಡಗಾಲನ್ನು ಅವಳ ಪಾದದಡಿ ತೂರಿಸಿ ಮೇಲಕ್ಕೆತ್ತಿದ. ಮುದುಕಿ ಹಿಟ್ಟಿನ ಪರಾತದಲ್ಲಿ ಬಿದ್ದಳು.

"ಯವ್ವಾ, ಎರಡನೇ ಗೇರಿಗೆ ಬಂದಿ. ಮೂರಕ್ಕ ಹಾಕ್ಲಾ?"

"ನಿನ್ನ ಗೇರಿಗೆ ಸುಡುಗಾಡು! ಮನುಷ್ಯಾರು ಕಿರುಚಿದ್ರ ಏನೂ ಮಾಡಬ್ಯಾಡೋ! ಇದ್ದಲ್ಲೇ ನಿಲ್ಲು! ಕಿರುಚೋದು ನಿಲ್ಲೋತನಕ ಒಂದು ಗೇಣು ಅಲ್ಲಾಡಬ್ಯಾಡ!"

"ಹೂಂ ಯವ್ವಾ."

ರಾತ್ರಿಯೆಲ್ಲ ಬೇಡಿಕೊಂಡಳು. ಹೋಗಬ್ಯಾಡ ಮಗಾ ಅಂದಳು. ಹೋಗು ಅಂತ ಧಣಿ ಮೊದಲೇ ಹೇಳಿಬಿಟ್ಟಿದ್ದ. ಅವನು ಹೋದ.

ಊರೆಲ್ಲ ಗುಂಡಿಯ ಈ ದಂಡೆಯಲ್ಲಿ. ಧಣಿ ಛತ್ರಿ ಕೆಳಗೆ, ಕೊರಳಲ್ಲಿ ಹಾರ. ಕೆಳಗೆ ಕೆಂಪು ನೀರು. ಎಷ್ಟು ಆಳ ಅಂತ ಹೇಳಬಲ್ಲವರು ತಿರುಗಿ ಬಂದಿಲ್ಲ. ಜಂಬಣ್ಣ ಎಲ್ಲ ಸರಿಯಾಗಿ ಮಾಡಿದ. ಎರಡನೇ ಗೇರು, ಮೂರನೇ ಗೇರು, ಫುಟ್‌ರೆಸ್ಟ್ ಮೇಲೆ ಎದ್ದು ನಿಂತ, ಮೊಣಕಾಲು ಸಡಿಲ, ಎಕ್ಸಲೇಟರ್ ಪೂರಾ. ಎಂಜಿನ್ ಕಿರುಚಿತು, ನಾಲ್ಕನೇ ಗೇರು. ದಿಬ್ಬ ಬಿಟ್ಟ. ಯಾವ ಉಸ್ತಾದನೂ ತಪ್ಪು ಹುಡುಕಲಾರದ ಜಿಗಿತ. ಆಚೆ ದಂಡೆ ಇನ್ನು ಒಂದು ಮಾರು.

ತಾಯಿ ಅಲ್ಲವೇ, ಹುಲಿಗೆಮ್ಮ ತಡೆಯಲಾರದೆ ಕಿರುಚಿಬಿಟ್ಟಳು.

ಜಂಬಣ್ಣ ನಿಂತ.

ಗುಂಡಿಯ ಮೇಲೆ, ಏನೂ ಇಲ್ಲದ ಕಡೆ, ಗಾಡಿ ಸಮೇತ ನಿಂತ. ಚಕ್ರ ತಿರುಗುತ್ತಿತ್ತು, ಎಂಜಿನ್ ಓಡುತ್ತಿತ್ತು, ಅವನು ಒಂದು ಗೇಣು ಅಲ್ಲಾಡಲಿಲ್ಲ. ಅದನ್ನು ಕಂಡು ಊರೇ ಕಿರುಚಿತು.

"ಬಾಯಿ ಮುಚ್ರೀ! ಎಲ್ಲಾರೂ ಬಾಯಿ ಮುಚ್ರೀ!" ಅಂದಳು ಹುಲಿಗೆಮ್ಮ, ಅರ್ಥವಾದ ಕೂಡಲೇ. ತನ್ನ ಬಾಯಿಗೂ ಎರಡೂ ಕೈ ಒತ್ತಿದಳು. ಊರು ಸುಮ್ಮನಾಯಿತು. ಧಣಿ ಸುಮ್ಮನಾದ.

ಗುಂಡಿ ಸುಮ್ಮನಾಗಲಿಲ್ಲ. ಅವಳ ಕೂಗು ಕಲ್ಲಿನ ಗೋಡೆಗೆ ಬಡಿದು ತಿರುಗಿ ಬಂತು. ಅದರ ಹಿಂದೆ ಇನ್ನೊಂದು ಕೂಗು ಬಂತು. ಅದು ಅವಳದಲ್ಲ. ಇನ್ನೊಂದು ಬಂತು. ಗಣಿಯಲ್ಲಿ ಕಲ್ಲು ಬಿದ್ದು ಸತ್ತವರು, ಮದ್ದು ಸಿಡಿದು ಸತ್ತವರು, ಸತ್ತೇ ಇಲ್ಲ ಅಂತ ಧಣಿ ಯಾರ ಹೆಸರಲ್ಲಿ ಕಾಗದ ಬರೆಸಿಕೊಂಡಿದ್ದನೋ ಅವರು, ಎಲ್ಲರೂ ಕೆಳಗಿಂದ ಬಾಯಿ ತೆರೆದರು. ಧಣಿ ಕುರ್ಚಿ ಬಿಟ್ಟು ಓಡಿದ. ಕೂಗು ನಿಲ್ಲಲಿಲ್ಲ.

ಜಂಬಣ್ಣ ಮೇಲಿಂದ ಬಗ್ಗಿ ನೋಡಿದ.

"ಯವ್ವಾ, ಇವರು ಇನ್ನೂ ಕಿರುಚಾಕತ್ಯಾರ. ಪೆಟ್ರೋಲು ಮುಗೀತಾ ಬಂತು. ನಾಕನೇ ಗೇರಿನಾಗ ಇರ್ಲಾ, ಮೂರಕ್ಕ ಇಳಸ್ಲಾ?"

ಮೂರೋ ನಾಕೋ, ಹುಲಿಗೆಮ್ಮ ಬೆರಳೆತ್ತಿ ತೋರಿಸಬೇಕೆಂದರೂ ಬಾಯಿ ಮೇಲಿನ ಕೈ ತೆಗೆಯಬೇಕಿತ್ತು. ತೆಗೆದರೆ ಅವಳ ಕೂಗೂ ಹೊರಗೆ ಬೀಳುತ್ತಿತ್ತು. ಅವಳು ತೆಗೆಯಲಿಲ್ಲ.