ಬೆಣ್ಣೆಯ ಒದರಾಟ

ಬೆಳಗ್ಗೆ ಕಡೆದು ತೆಗೆದ ಬೆಣ್ಣೆಯನ್ನು ಸಾವಂತ್ರೆವ್ವ ಒಲೆಯ ಮೇಲಿಟ್ಟಳು. ಬೆಣ್ಣೆಗೆ ಏನೊಂದೂ ತಿಳಿಯಲಿಲ್ಲ. ಈಗಷ್ಟೇ ತಣ್ಣೀರಲ್ಲಿ ಮೈ ತೊಳೆದು ಉಂಡೆ ಕಟ್ಟಿದ ಕೈಯೇ ತನ್ನನ್ನು ಬೆಂಕಿಗೆ ಒಡ್ಡಿದೆಯಲ್ಲ! "ಸತ್ತೆ, ನಾನು ಸತ್ತೆ!" ಎಂದು ಚಟಪಟ ಒದರಿತು.

"ಅತ್ತಿ, ತುಪ್ಪ ಆತೇನ್ರಿ?" ಎಂದು ಸೊಸೆ ಕೇಳಿದಳು.

"ಇನ್ನೂ ಮಾತಾಡಾಕತ್ತೈತಿ, ತಡಿ," ಎಂದ ಸಾವಂತ್ರೆವ್ವ ವಾಡಿಕೆಯಂತೆ ಕಾಯುವ ಬೆಣ್ಣೆಗೆ ಒಂದು ವೀಳ್ಯದೆಲೆ ಹಾಕಿದಳು.

ಬೆಣ್ಣೆ ಎಲೆಯನ್ನು ಹಿಡಿದುಕೊಂಡಿತು. "ಅಯ್ಯಾ, ನಾನು ಸಾಯುತ್ತಿದ್ದೇನೆಯೆ?"

"ಸಾಯುತ್ತಿರುವುದು ನಿನ್ನೊಳಗೆ ಉಳಿದ ಮಜ್ಜಿಗೆ. ಒದರುತ್ತಿರುವುದೂ ಅದೇ."

ಬೆಣ್ಣೆಗೆ ಇನ್ನಷ್ಟು ಗೊಂದಲವಾಯಿತು. "ಹಾಗಾದರೆ ಈಗ ನಿನ್ನನ್ನು ಕೇಳುತ್ತಿರುವುದು ಯಾರು? ನಾನೋ, ಮಜ್ಜಿಗೆಯೋ?"

ಎಲೆ ಉತ್ತರ ಕೊಡುವ ಮೊದಲೇ ಸದ್ದು ನಿಂತಿತು. ಘಮ ಪಡಸಾಲೆಯವರೆಗೂ ಹೋಯಿತು.

"ಸುಮ್ನಾತು ನೋಡು," ಎಂದಳು ಸಾವಂತ್ರೆವ್ವ. "ಈಗ ತುಪ್ಪ ಆತು. ಇಳಸವ್ವ."